ಲಿಂಗಯ್ಯನ ಜೋಡಿಪೆಟ್ಟಿಗೆ

ಪಕ್ಕದ ಮನೆಯ ಚಿಕ್ಕಲಿಂಗಯ್ಯ ಹೊಸದೇನಾದರೂ ಕಂಡುಹಿಡಿದ ದಿನ ನಮ್ಮ ಬೀದಿಯ ಬೆಕ್ಕುಗಳು ಗಂಟುಮೂಟೆ ಕಟ್ಟುತ್ತವೆ. ಅವಕ್ಕೆ ಅನುಭವವಿದೆ. ಹಿಂದೊಮ್ಮೆ ಅವನು ಮಾಡಿದ ತೆಂಗಿನಕಾಯಿ ತುರಿಯುವ ಯಂತ್ರ ಕಾಯಿಯನ್ನು ತುರಿಯಲಿಲ್ಲ, ಎಸೆಯಿತು. ಆ ಕಾಯಿ ಹಳೇ ರೇಷ್ಮೆ ಮಿಲ್ಲಿನ ಚಿಮಣಿಯ ತುದಿಯಲ್ಲಿ ಕೂತದ್ದು ಇನ್ನೂ ಇಳಿದಿಲ್ಲ. ಈಗ ಅಲ್ಲೇ ಮೊಳಕೆ ಒಡೆದು ಗರಿ ಬಿಟ್ಟಿದೆ. ಹಾಗಾಗಿ ಅವತ್ತು ಬೆಳಿಗ್ಗೆ ಬೆಕ್ಕುಗಳು ಸಾಲಾಗಿ ಬೀದಿ ದಾಟುವುದನ್ನು ಕಂಡ ಕೂಡಲೇ ನಾನು ಸೆರಗಿಗೆ ಕೈ ಒರೆಸಿಕೊಂಡು ಪಕ್ಕದ ಜಗಲಿಗೆ ಹೋದೆ.

ಲಿಂಗಯ್ಯ ಹಳೇ ರೇಡಿಯೋ ಪೆಟ್ಟಿಗೆಯೊಂದರ ಮೇಲೆ ತನ್ನ ಹೆಗಲ ಟವೆಲು ಹೊದಿಸಿ, ಉದ್ಘಾಟನೆಗೆ ಮಂತ್ರಿಯನ್ನು ಕಾಯುವವನ ಹಾಗೆ ನಿಂತಿದ್ದ. ಅವನ ಹೆಂಡತಿ ದೇವೀರಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತಿದ್ದಳು. ಗಂಡನ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ. ಆಗಿನ್ನೂ ಅವಳಿಗೆ ಬುದ್ಧಿ ನೆಟ್ಟಗಿತ್ತು.

"ನಿಂಗಾಜಕ್ಕ, ಬಾ ಕೂತ್ಕೊ. ಇವತ್ತು ಪ್ರಪಂಚ ಬದಲಾಯ್ತದೆ," ಎಂದ ಲಿಂಗಯ್ಯ.

"ಊಟದ ಹೊತ್ತಿನೊಳಗೆ ಬದಲಾಯ್ಸಪ್ಪ. ಆಮೇಲೆ ನಮಗೆ ಆಟ ಐತೆ," ಎಂದೆ.

ಆಟ ಎಂದರೆ ಅಳಗುಳಿ ಮಣೆ. ಎರಡು ಸಾಲು ಗುಳಿ ಕೊರೆದ ಮರದ ಹಲಗೆ, ಒಂದು ಹಿಡಿ ಹುಣಸೆ ಬೀಜ. ಊಟವಾದ ಮೇಲೆ ದೇವೀರಮ್ಮ ನನ್ನ ಜಗಲಿಗೆ ಬರುವುದು, ಇಬ್ಬರೂ ದೀಪ ಹಚ್ಚುವ ಹೊತ್ತಿನವರೆಗೆ ಬೀಜ ಹಂಚುವುದು, ಅವಳು ಕಳ್ಳಾಟ ಆಡುವುದು, ನಾನು ಅದಕ್ಕಿಂತ ಚೆನ್ನಾಗಿ ಕಳ್ಳಾಟ ಆಡುವುದು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆ ಬೆಳಿಗ್ಗೆ ಕಳೆಯುವುದು ಕಷ್ಟವಲ್ಲ, ಕೆಲಸವಿರುತ್ತದೆ. ಸಂಜೆಯೂ ಕಷ್ಟವಲ್ಲ, ಬೀದಿಯಲ್ಲಿ ಯಾರಾದರೂ ಜಗಳವಾಡುತ್ತಾರೆ. ಮಧ್ಯಾಹ್ನ ಮಾತ್ರ ಉದ್ದ. ಆ ಉದ್ದವನ್ನು ಕತ್ತರಿಸಿ ಗಿಡ್ಡ ಮಾಡುತ್ತಿದ್ದವಳು ದೇವೀರಮ್ಮ ಒಬ್ಬಳೇ.

ಲಿಂಗಯ್ಯ ಟವೆಲು ತೆಗೆದ. ಪೆಟ್ಟಿಗೆಗೆ ಮುಂದೊಂದು ಗಾಜಿನ ಕಣ್ಣು, ಮೇಲೊಂದು ಹಸಿರು ದೀಪ, ಪಕ್ಕದಲ್ಲಿ ನೂಲು ಸುತ್ತುವ ಚರಕದಿಂದ ಕಿತ್ತು ತಂದ ಹಿತ್ತಾಳೆ ಹಿಡಿ.

"ಬಸ್ಸಲ್ಲಿ ನೋಡಿದ್ದೀಯ ಅಕ್ಕ? ಜನ ಫೋನಲ್ಲಿ ಬಣ್ಣಬಣ್ಣದ ಹಣ್ಣು ಜೋಡಿಸ್ತಾ ಕೂತಿರ್ತಾರೆ. ಒಂದೇ ಥರದ ಎರಡು ತಾಕ್ಸಿದ್ರೆ ಒಂದು ದೊಡ್ಡದಾಯ್ತದೆ. ಅಂಥ ದೊಡ್ಡದು ಎರಡು ತಾಕ್ಸಿದ್ರೆ ಅದಕ್ಕಿಂತ ದೊಡ್ಡದು. ಅಷ್ಟೇ ಆಟ. ಅಷ್ಟಕ್ಕೇ ಇಳಿಯೋ ಸ್ಟಾಪು ಮರೆತುಬಿಡ್ತಾರೆ. ಮೊನ್ನೆ ಒಬ್ಬ ಚನ್ನಪಟ್ಟಣದಲ್ಲಿ ಇಳೀಬೇಕಾದೋನು ಮೈಸೂರಿಗೆ ಹೋಗ್ಬಿಟ್ಟ."

"ಆ ಒಬ್ಬ ನೀನೇ ತಾನೆ?"

"ನಾನೇ. ಹೋಗ್ತಾ ಯೋಚ್ನೆ ಬಂತು. ಗಾಜಿನೊಳಗೆ ಜೋಡಿಸಿ ಏನು ಸುಖ? ನಿಜವಾದ ಸಾಮಾನು ಜೋಡಿಸ್ಬೇಕು. ಒಂದೇ ಥರದ ಎರಡು ಸಾಮಾನಿನ ಒಳಗೆ ಒಂದೇ ತಾಳ ಓಡ್ತಿರ್ತದೆ ಅಕ್ಕ. ನನ್ನ ಜೋಡಿಪೆಟ್ಟಿಗೆ ಆ ತಾಳ ಕೂಡಿಸ್ತದೆ. ಮನೇಲಿ ಜಾಗವೇ ಜಾಗ."

ಕಣ್ಣಿನ ಮುಂದೆ ಎರಡು ನಿಂಬೆಹಣ್ಣು ಇಟ್ಟು ಹಿಡಿ ತಿರುಗಿಸಿದ. ಹಸಿರು ದೀಪ ಹತ್ತಿತು. ಠಿಣ್ ಎಂದಿತು. ಬೆಳ್ಳಿ ಲೋಟದ ಅಂಚಿಗೆ ಉಂಗುರ ತಾಕಿದಂಥ ಸಣ್ಣ, ತಣ್ಣನೆಯ ಸದ್ದು. ನೋಡಿದರೆ ಎರಡು ನಿಂಬೆಹಣ್ಣು ಇದ್ದ ಕಡೆ ಒಂದೇ ಒಂದು, ಮೂಸಂಬಿಯಷ್ಟು ದಪ್ಪಗೆ, ಏನೂ ಆಗದವರ ಹಾಗೆ ಕೂತಿತ್ತು.

ದೇವೀರಮ್ಮ ಮೊರ ಕೆಳಗಿಟ್ಟಳು.

"ಏನ್ರೀ, ಇನ್ನೊಂದ್ಸಲ ಮಾಡಿ."

ಇನ್ನೆರಡು ನಿಂಬೆಹಣ್ಣು ಬಂತು, ಠಿಣ್. ಈಗ ಎರಡು ಮೂಸಂಬಿಯಂಥವು ಆದವು. ಅವೆರಡನ್ನೂ ಇಟ್ಟು ಮತ್ತೆ ಠಿಣ್. ತೆಂಗಿನಕಾಯಿಯಷ್ಟು ನಿಂಬೆಹಣ್ಣು. ದೇವೀರಮ್ಮನ ಕಣ್ಣು ಆ ಹಣ್ಣಿಗಿಂತ ದಪ್ಪಗಾಗಿತ್ತು. "ಸರೀರಿ, ನಾನೊಂದ್ಸಲ," ಎಂದು ಗಂಡನನ್ನು ಪಕ್ಕಕ್ಕೆ ತಳ್ಳಿ ಹಿಡಿಗೆ ಕೈ ಹಾಕಿದಳು.

ಆ ಕೈ ಮತ್ತೆ ಹುಣಸೆ ಬೀಜ ಮುಟ್ಟಲಿಲ್ಲ.

ಪೆಟ್ಟಿಗೆಯ ಮಾಟ ಇರುವುದು ಜೋಡಿಸಿದ್ದರಲ್ಲಲ್ಲ, ಜೋಡಿಸದೆ ಉಳಿದದ್ದರಲ್ಲಿ. ಒಂದು ದೊಡ್ಡ ನಿಂಬೆಹಣ್ಣು ಮಾಡಿಟ್ಟರೆ ಅದು ಒಂಟಿಯಾಗಿ ಕೂತು ಮನಸ್ಸನ್ನು ಕೆರೆಯುತ್ತದೆ. ಅದಕ್ಕೊಂದು ಜೊತೆ ಮಾಡೋಣ ಅನ್ನಿಸುತ್ತದೆ. ಜೊತೆ ಮಾಡಿದರೆ ಎರಡೂ ಸೇರಿ ಇನ್ನೂ ದೊಡ್ಡ ಒಂಟಿಯಾಗುತ್ತದೆ. ಅದಕ್ಕೂ ಜೊತೆ ಬೇಕು. ಹೀಗೆ ಮುಗಿಯುವ ಮಾತೇ ಇಲ್ಲ. ನಿಂಬೆಹಣ್ಣಿನ ಒಂಟಿತನಕ್ಕೆ ಅಷ್ಟು ಮರುಗಿದವಳಿಗೆ ಪಕ್ಕದ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತವಳು ಕಾಣಲಿಲ್ಲ ನೋಡಿ.

ನನಗೆ ಹೊಟ್ಟೆಕಿಚ್ಚು ಅಂತ ಬೀದಿಯವರು ಆಡಿಕೊಂಡರು. ಸುಳ್ಳು. ಹೊಟ್ಟೆಯಲ್ಲಿ ಸ್ವಲ್ಪ ಉರಿ ಇತ್ತು, ಅಷ್ಟೆ. ಜೀರಿಗೆ ನೀರು ಕುಡಿದೆ. ಅದು ಹೊಟ್ಟೆಗೆ ಹೋಗುವುದರೊಳಗೆ ಕುದಿಯಿತು.

ಎರಡು ದಿನ ಕಾದೆ. ಆಮೇಲೆ ಉಪಾಯ ಮಾಡಿದೆ. ಸಂತೆಯಿಂದ ಸೊಗಡಿನ ಅವರೆಕಾಯಿ ತಂದೆ. ಅವರೆಕಾಯಿ ಬಿಡಿಸುವುದು ಒಬ್ಬರ ಕೆಲಸವಲ್ಲ. ಇಬ್ಬರು ಎದುರುಬದುರು ಕೂತು ಮೂರನೆಯವರ ಮಾತಾಡುತ್ತ ಬಿಡಿಸಿದರೇ ಕಾಳಿಗೆ ರುಚಿ. ಹೊಸ ಸುದ್ದಿಯೂ ಒಂದಿತ್ತು: ಕೊನೆ ಮನೆಯ ಸಣ್ಣಮ್ಮಣ್ಣಿಯ ಸೊಸೆ ಅತ್ತೆಯ ಮೇಲೆ ಮುನಿಸಿಕೊಂಡು ಬೇರೆ ಒಲೆ ಹೂಡಿದ್ದಳು. ಮೊರ ತುಂಬ ಕಾಯಿ, ಬಾಯಿ ತುಂಬ ಸುದ್ದಿ ಹೊತ್ತುಕೊಂಡು ಹೋದೆ.

"ದೇವೀರಿ, ಅವರೆಕಾಯಿ ತಂದಿವ್ನಿ. ಹಿತುಕಿದ ಬೇಳೆ ಸಾರು ಮಾಡನ ಬಾರೆ."

"ಅಯ್ಯೋ ಒಳ್ಳೇ ಟೈಮಿಗೆ ಬಂದೆ ಅಕ್ಕ, ಕೊಡಿಲ್ಲಿ," ಎಂದು ಮೊರ ಕಸಿದುಕೊಂಡು, ಸರಸರ ಸುಲಿದು, ಕಾಳನ್ನೆಲ್ಲ ಎರಡೆರಡಾಗಿ ಕಣ್ಣಿನ ಮುಂದೆ ಇಡತೊಡಗಿದಳು. ಠಿಣ್, ಠಿಣ್, ಠಿಣ್. ಸಣ್ಣಮ್ಮಣ್ಣಿಯ ಸೊಸೆಯ ಸುದ್ದಿ ಅರ್ಧ ಮುಗಿಯುವುದರೊಳಗೆ ನನ್ನ ಮುಂದೆ ತಲೆದಿಂಬಿನಷ್ಟು ದೊಡ್ಡದೊಂದು ಅವರೆಕಾಳು ಮಲಗಿತ್ತು.

"ಇದನ್ನ ಹಿತುಕೋದು ಹೆಂಗೇ?"

"ಒನಕೆ ತಗೊ," ಎಂದಳು, ತಿರುಗಿ ನೋಡದೆ. "ಆಮೇಲೆ ಸೊಸೆ ಏನಂದ್ಲು?"

"ಜೊತೆಗಿನ್ನೊಂದು ಸೊಸೆ ತಂದು ತಾಕ್ಸಿ ಅಂದ್ಲು," ಎಂದು ನಾನು ಎದ್ದು ಬಂದೆ. ಅವಳಿಗೆ ಅದು ತಮಾಷೆ ಅಂತಲೂ ಗೊತ್ತಾಗಲಿಲ್ಲ. "ಹೌದಾ," ಎಂದಳು.

ಆಮೇಲೆ ಆ ಮನೆ ಮನೆಯಾಗಿ ಉಳಿಯಲಿಲ್ಲ. ಲಿಂಗಯ್ಯನ ಬನಿಯನ್ನುಗಳೆಲ್ಲ ಸೇರಿ ಮದುವೆ ಚಪ್ಪರದಷ್ಟು ದೊಡ್ಡ ಬನಿಯನ್ನಾಯಿತು. ಅದನ್ನು ಒಣಗಹಾಕಿದ ದಿನ ಬೀದಿಗೆ ಬಿಸಿಲು ಬೀಳಲಿಲ್ಲ. ಸ್ಟೀಲ್ ಲೋಟಗಳೆಲ್ಲ ಒಂದಾದ ಮೇಲೆ ಲಿಂಗಯ್ಯ ಕಾಫಿ ಕುಡಿಯಬೇಕಾದರೆ ಲೋಟಕ್ಕೆ ಏಣಿ ಹಾಕಬೇಕಾಯಿತು. ಸಣ್ಣಮ್ಮಣ್ಣಿ ತನ್ನ ಕೋಳಿಮೊಟ್ಟೆಗಳನ್ನು ತಂದು ಕುಂಬಳಕಾಯಿಯಂಥ ಮೊಟ್ಟೆ ಮಾಡಿಸಿಕೊಂಡು ಹೋದಳು. ಅದನ್ನು ಕಂಡ ಅವಳ ಕೋಳಿ ಅವಮಾನ ತಡೆಯಲಾರದೆ ಮೊಟ್ಟೆ ಇಡುವುದನ್ನೇ ನಿಲ್ಲಿಸಿತು. ಆ ಕೋಳಿಯ ಕಷ್ಟ ಬೀದಿಯಲ್ಲಿ ಅರ್ಥವಾದದ್ದು ನನಗೊಬ್ಬಳಿಗೇ.

ಒಂದು ದಿನ ದೇವೀರಮ್ಮನಿಗೆ ಹಿತ್ತಾಳೆ ಚೆಂಬು ಸಾಲದೆ ಬಂತು. ನನ್ನದನ್ನು ಕೇಳಿ ತೆಗೆದುಕೊಂಡು ಹೋದಳು. ಕೊಟ್ಟೆ. ಚೆಂಬಿನ ನೆಪದಲ್ಲಾದರೂ ಹೊಸಿಲು ತುಳಿದಳಲ್ಲ. ಆದರೆ ಪೆಟ್ಟಿಗೆ ಠಿಣ್ ಅನ್ನಲಿಲ್ಲ. ಗೊರ್ ಎಂದು ನಾಯಿಯ ಹಾಗೆ ಗುರುಗುಟ್ಟಿತು.

"ಹೆಸರು ಐತಲ್ಲ, ಅದಕ್ಕೆ," ಎಂದ ಲಿಂಗಯ್ಯ. ಪಾತ್ರೆ ಕೊಂಡ ದಿನವೇ ಅಂಗಡಿಯಲ್ಲಿ ಹೆಸರು ಕೆತ್ತಿಸುವುದು ನಮ್ಮಲ್ಲಿ ಎಲ್ಲರ ಪದ್ಧತಿ. ಒಂದರ ಮೇಲೆ ದೇವೀರಮ್ಮ, ಇನ್ನೊಂದರ ಮೇಲೆ ನಿಂಗಾಜಮ್ಮ. "ಇದು ಮುಖ ಮಾತ್ರ ನೋಡೋದು ಅಕ್ಕ. ಮುಖ ಒಂದೇ ಆದ್ರೆ ಒಳಗೂ ಒಂದೇ ಅಂತ ನಂಬ್ತದೆ. ಮುಖದ ಮೇಲೆ ಚೂರು ಗುರುತು ಬೇರೆ ಇದ್ರೂ ಒಪ್ಪಲ್ಲ."

"ಹೆಣ್ಣು ನೋಡೋಕೆ ಬರೋ ಗಂಡಿನ ಕಡೆಯೋರ ಥರ ಅನ್ನು."

ಲಿಂಗಯ್ಯ ನಕ್ಕ. ದೇವೀರಮ್ಮ ನಗಲಿಲ್ಲ. ಅವಳ ಕಣ್ಣು ನನ್ನ ಜಗಲಿಯ ಕಡೆ ಹೋಗಿತ್ತು.

"ಅಕ್ಕ, ನಿನ್ ಅಳಗುಳಿ ಮಣೆ ಕೊಡೆ."

ನಮ್ಮಿಬ್ಬರ ಮಣೆಗಳೂ ಒಂದೇ ಹಾಲೆಮರದ ತುಂಡಿನವು. ನಾನು ಈ ಬೀದಿಗೆ ಬಂದ ಹೊಸದರಲ್ಲಿ ಬೊಂಬೆ ಮಾಡುವವನ ಹತ್ತಿರ ಇಬ್ಬರೂ ಜೊತೆಯಲ್ಲಿ ಹೋಗಿ ಕೊರೆಸಿದ್ದು. ಅವುಗಳ ಮೇಲೆ ಹೆಸರಿಲ್ಲ. ಯಾವುದು ಯಾರದು ಅಂತ ನಾವು ಯಾವತ್ತೂ ಕೇಳಿಕೊಂಡವರಲ್ಲ.

"ಆಡೋಕಾ?" ಎಂದು ಕೇಳಿದೆ.

"ಸೇರಿಸೋಕೆ."

"ಸೇರಿಸಿದ ಮೇಲೆ ಆಡ್ತೀಯಾ?"

"ಅದಕ್ಕೆ ಜೊತೆ ಸಿಕ್ಕಿದ್ರೆ ಅದನ್ನೂ ಸೇರಿಸ್ತೀನಿ," ಎಂದಳು, ಬಲು ಪ್ರೀತಿಯಿಂದ.

ನಾನು ಮನೆಗೆ ಬಂದು, ಈಳಿಗೆಮಣೆಯ ಮೂತಿಯಿಂದ ನನ್ನ ಅಳಗುಳಿ ಮಣೆಯ ಅಂಚಿಗೆ ಒಂದು ಕಚ್ಚು ಹಾಕಿದೆ. ಇನ್ನು ಅದು ಯಾವುದಕ್ಕೂ ಜೋಡಿಯಲ್ಲ. ಆಮೇಲೆ ಒಬ್ಬಳೇ ಕೂತು ಎರಡೂ ಕಡೆಯ ಆಟ ಆಡಿದೆ. ನನ್ನ ಕಳ್ಳಾಟ ನಾನೇ ಹಿಡಿದೆ. ಅಷ್ಟು ಬೇಜಾರಿನ ಆಟ ಇನ್ನೊಂದಿಲ್ಲ.

ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಪೇಟೆಯಿಂದ, ರಾಮನಗರದಿಂದ, ಮದ್ದೂರಿನಿಂದ ಜನ ಜೋಡಿ ಜೋಡಿ ಸಾಮಾನು ಹೊತ್ತುಕೊಂಡು ಬರತೊಡಗಿದರು. ನಮ್ಮ ಬೀದಿಯಲ್ಲಿ ಮನೆ ಹುಡುಕುವುದು ಸುಲಭವಲ್ಲ. ಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ಕೆಲಸಗಾರರಿಗೆ ಕಟ್ಟಿಸಿದ ಲೈನ್ ಮನೆಗಳು ಇವು. ಒಂದೇ ಅಚ್ಚಿನಿಂದ ತೆಗೆದ ಇಟ್ಟಿಗೆಗಳ ಹಾಗೆ ಎಲ್ಲಕ್ಕೂ ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ಜಗಲಿ, ಒಂದೇ ನೀಲಿ ಸುಣ್ಣ. ನಮ್ಮ ಯಜಮಾನರು ಬದುಕಿದ್ದಾಗ ಒಮ್ಮೆ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಲಿಂಗಯ್ಯನ ಮನೆಗೆ ಹೋಗಿ, ಅರ್ಧ ಊಟ ಮಾಡಿದ ಮೇಲೆ "ಇದು ನಮ್ಮ ಸಾರಲ್ಲ" ಎಂದು ಎದ್ದು ಬಂದಿದ್ದರು. ಗುರುತು ಇರುವುದು ಬಾಗಿಲ ಮುಂದಿನ ರಂಗೋಲಿಯಲ್ಲಿ ಮಾತ್ರ. ಅದಕ್ಕೇ ಪ್ರತಿ ಮನೆಯವರೂ ದಿನಾ ತಮ್ಮದೇ ರಂಗೋಲಿ ಹಾಕುತ್ತೇವೆ. ನನ್ನದು ಬಳ್ಳಿ, ದೇವೀರಮ್ಮನದು ತಾವರೆ. ಸಣ್ಣಮ್ಮಣ್ಣಿಯದು ನವಿಲು ಅಂತ ಅವಳು ಹೇಳುತ್ತಾಳೆ, ನಾವು ಕೋಳಿ ಅನ್ನುತ್ತೇವೆ.

"ತಾವರೆ ರಂಗೋಲಿ ಮನೆ ಯಾವುದಮ್ಮ?" ಎಂದು ಬಂದವರೆಲ್ಲ ನನ್ನನ್ನೇ ಕೇಳುವರು. ನನ್ನ ಬಳ್ಳಿಯನ್ನು ತುಳಿದುಕೊಂಡು ಅತ್ತ ಹೋಗುವರು. ದಾರಿ ಹೇಳಿ ಹೇಳಿ ನನ್ನ ಬೆರಳು ಆ ಕಡೆಗೇ ಸೊಟ್ಟಗಾಗಿಹೋಯಿತು.

ಒಂದು ಬೆಳಿಗ್ಗೆ ಎದ್ದು ನೀರು ಹಾಕಿ, ನನ್ನ ಬಾಗಿಲ ಮುಂದೆಯೂ ತಾವರೆ ಬಿಟ್ಟೆ. ಚುಕ್ಕಿಗೆ ಚುಕ್ಕಿ, ಎಸಳಿಗೆ ಎಸಳು. ಅವಳು ಅವಸರದಲ್ಲಿ ಒಂದು ಎಸಳು ಸೊಟ್ಟ ಎಳೆದಿದ್ದಳು, ನಾನೂ ಸೊಟ್ಟ ಎಳೆದೆ. ಹೊಸಿಲಿಗೆ ಅವಳು ಬಳಿದಷ್ಟೇ ಅಗಲಕ್ಕೆ ಅರಿಶಿನ ಬಳಿದೆ. ಸಣ್ಣಮ್ಮಣ್ಣಿ ಹಾಲಿಗೆ ಹೋಗುವವಳು ನಿಂತು ನೋಡಿದಳು.

"ಗಂಡ ಇಲ್ಲದೋಳಿಗೆ ಇಷ್ಟು ದೊಡ್ಡ ರಂಗೋಲಿ ಯಾಕವ್ವ?"

"ಹೊಸಿಲಿಗೇನು ಗಂಡ ಸತ್ತಿಲ್ವಲ್ಲ," ಎಂದೆ.

ಉಪಾಯ ಫಲಿಸಿತು. ಬಂದವರಲ್ಲಿ ಅರ್ಧ ಜನ ನೆಟ್ಟಗೆ ನನ್ನ ಮನೆಗೆ ನುಗ್ಗಿದರು. ನಾನು ಮಜ್ಜಿಗೆ ಕೊಟ್ಟು ಚಾಪೆ ಹಾಸಿ, "ಪೆಟ್ಟಿಗೆ ಈಗ ನಿದ್ದೆ ಮಾಡ್ತೈತೆ, ಕೂತ್ಕೊಳ್ಳಿ, ನಿಮ್ಮೂರ ಕಡೆ ಏನು ಸುದ್ದಿ?" ಎಂದು ಶುರು ಮಾಡಿದೆ. ಎಷ್ಟೋ ದಿನದ ಮೇಲೆ ನನ್ನ ಮನೆಯಲ್ಲಿ ಜನರ ಸದ್ದು ಕೇಳಿತು. ಪೇಟೆಯಲ್ಲಿ ತರಕಾರಿ ಮಾರುವ ಚೆನ್ನಾಜಿ ಭಾರೀ ಕುಂಬಳಕಾಯಿಯೊಂದನ್ನು ಹೊತ್ತು ತಂದು ನನ್ನ ಜಗಲಿಯ ಮೇಲೆ ಇಳಿಸಿದಳು. ಅದು ಹಿಂದಿನ ದಿನ ದೇವೀರಮ್ಮನೇ ಸೇರಿಸಿ ದೊಡ್ಡದು ಮಾಡಿ ಕೊಟ್ಟದ್ದಂತೆ. ಅದರ ಜೊತೆಯದು ದೇವೀರಮ್ಮನ ಜಗಲಿಯ ಮೇಲಿತ್ತು. ಅಷ್ಟು ದೊಡ್ಡದು ಬಾಗಿಲಲ್ಲಿ ಹಿಡಿಸದೆ, ಲಿಂಗಯ್ಯ ಪೆಟ್ಟಿಗೆಯನ್ನೇ ಹೊರಗೆ ತಂದು ಬೀದಿಯ ನಡುವೆ ಸ್ಟೂಲಿನ ಮೇಲೆ, ಮನೆಗಳ ಕಡೆ ಮುಖ ಮಾಡಿ ಇಟ್ಟಿದ್ದ.

ಅತ್ತ ದೇವೀರಮ್ಮನಿಗೆ ಜೋಡಿಸಲು ಸಾಮಾನು ಸಾಲದೆ ಬಂತು. ಹೊರಗೆ ಬಂದಳು. ನನ್ನ ಜಗಲಿಯ ಜನ ನೋಡಿದಳು. ಆಮೇಲೆ ನೆಲ ನೋಡಿದಳು.

"ಅಕ್ಕ, ಇದೇನಿದು?"

"ರಂಗೋಲಿ. ನೀನು ನೋಡಿ ಬಹಳ ದಿನ ಆಯ್ತಲ್ಲ, ಮರ್ತೋಗೈತೆ."

"ನನ್ ತಾವರೆ ಕದ್ದಿದ್ದೀಯ."

"ತಾವರೆ ನಿಮ್ಮಪ್ಪನ ಕೆರೇದಾ?"

"ನಿನ್ ಬಳ್ಳಿಗೇನಾಗಿತ್ತು ದಾಡಿ?"

"ತುಳಿದೂ ತುಳಿದೂ ಸತ್ತೋಯ್ತು. ನಾನು ನಿನ್ ತಾವರೆ ಕದ್ದೆ ಅಂತೀಯಲ್ಲ, ನೀನು ನನ್ ಮಧ್ಯಾಹ್ನ ಕದ್ದಿಲ್ವ? ದಿನಾ ಮಣೆ ಹಾಕ್ಕೊಂಡು ಕೂತಿರ್ತೀನಲ್ಲ, ಒಂದಿನನಾದ್ರೂ ಇತ್ತ ತಿರುಗಿದ್ದೀಯ?"

ಎರಡೂ ಜಗಲಿಯ ತುಂಬ ಜನ ನಿಂತು ನೋಡುತ್ತಿದ್ದರು. ಜನರ ಮುಂದೆ ಸೋಲುವ ಹೆಂಗಸಲ್ಲ ಅವಳು.

"ದಿನಾ ಅದೇ ಬೀಜ, ಅದೇ ಗುಳಿ. ನನಗೂ ಒಂದು ಖುಷಿ ಬೇಡ್ವ? ನೀನಂತೂ ಬರೀ ಕಳ್ಳಾಟ."

"ನನ್ನ ಕಳ್ಳಾಟ ಅಂತೀಯ? ನಿನ್ ಸೆರಗು ಕೊಡವಿದ್ರೆ ಹುಣಸೆ ತೋಪು ಬೆಳೀತದೆ."

ನಮ್ಮ ಬೀದಿಯಲ್ಲಿ ಇಂಥ ಜಗಳ ಆಗಿ ವರ್ಷಗಳಾಗಿದ್ದವು. ನನ್ನ ಮನೆಯೊಳಗೆ ಮಜ್ಜಿಗೆ ಕುಡಿಯುತ್ತಿದ್ದವರು, ಅವಳ ಮನೆಯೊಳಗೆ ಸರದಿ ಕಾಯುತ್ತಿದ್ದವರು, ಎಲ್ಲರೂ ಚೆನ್ನಾಗಿ ಕಾಣಲೆಂದು ಬೀದಿಗಿಳಿದು ಬಂದರು. ನಮ್ಮ ಜಗಳದಿಂದಲೇ ಅವರೆಲ್ಲ ಉಳಿದದ್ದು. ಇವತ್ತಿಗೂ ಒಬ್ಬರೂ ಬಂದು ಥ್ಯಾಂಕ್ಸ್ ಹೇಳಿಲ್ಲ.

"ಈ ಪೆಟ್ಟಿಗೆ ಇದ್ರೆ ತಾನೆ," ಎಂದು ನಾನು ಹೋಗಿ ಹಿಡಿಗೆ ಕೈ ಹಾಕಿದೆ.

"ಮುಟ್ಟಬೇಡ ಅಕ್ಕ," ಎಂದು ಅವಳು ನನ್ನ ಕೈಯ ಮೇಲೆ ಕೈ ಹಾಕಿದಳು.

ಲಿಂಗಯ್ಯ ಸ್ಟೂಲಿನ ಹಿಂದಿನಿಂದ ಬಗ್ಗಿ ಪೆಟ್ಟಿಗೆಯ ಕಣ್ಣು ನೋಡುತ್ತಿದ್ದ ಕಡೆಗೇ ನೋಡಿದ. ಅವನ ಮುಖ ಸುಣ್ಣ ಬಳಿದ ಹಾಗಾಯಿತು. "ತಿರುಗಿಸ್ಬೇಡಿ. ಕುಂಬಳಕಾಯಿ ಅಲ್ಲ, ಅದು ನೋಡ್ತಿರೋದು ಕುಂಬಳಕಾಯಿ ಅಲ್ಲ," ಎಂದು ಒದರಿದ. ಹಸಿರು ದೀಪ ಆಗಲೇ ಹತ್ತಿತ್ತು. ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ನೀಲಿ ಸುಣ್ಣ, ಜಗಲಿಯ ಮೇಲೆ ಒಂದೊಂದು ಕುಂಬಳಕಾಯಿ, ಬಾಗಿಲ ಮುಂದೆ ಸೊಟ್ಟ ಎಸಳಿನ ಒಂದೊಂದು ತಾವರೆ.

ಅವಳು ಅತ್ತ ಎಳೆದಳು, ನಾನು ಇತ್ತ ಎಳೆದೆ. ಹಿಡಿ ಪೂರ್ತಿ ಒಂದು ಸುತ್ತು ಸುತ್ತಿ, ಪೆಟ್ಟಿಗೆಯಿಂದ ಕಿತ್ತು ನನ್ನ ಕೈಗೆ ಬಂತು.

ಈ ಸಲ ಠಿಣ್ ಅನ್ನಲಿಲ್ಲ. ದೇವಸ್ಥಾನದ ದೊಡ್ಡ ಗಂಟೆಯ ಹಾಗೆ ಢಣ್ ಎಂದಿತು. ಮದ್ದೂರಿನಲ್ಲಿ ವಡೆ ಬೇಯಿಸುತ್ತಿದ್ದವರು ಮಂಗಳಾರತಿ ಎಂದುಕೊಂಡು ಕೈಮುಗಿದರಂತೆ.

ಧೂಳು ಅಡಗಿದ ಮೇಲೆ ನೋಡುತ್ತೇವೆ, ನನ್ನ ಮನೆಯಿಲ್ಲ. ಅವಳ ಮನೆಯೂ ಇಲ್ಲ. ಎರಡರ ಜಾಗದಲ್ಲಿ ಒಂದೇ ಮನೆ, ಗುಡ್ಡದ ಹಾಗೆ. ಬಾಗಿಲಿನ ಚಿಲಕ ಹಿಡಿಯಲು ಆನೆ ಹತ್ತಬೇಕು. ಜಗಲಿಗೆ ಏಣಿ ಬೇಕು. ಅದರ ಮೇಲೆ ಎತ್ತಿನಗಾಡಿಯಷ್ಟು ದೊಡ್ಡ ಕುಂಬಳಕಾಯಿ. ಬಾಗಿಲ ಮುಂದೆ ಬೀದಿಯ ಆಚೆ ತುದಿ ಮುಟ್ಟುವ ಒಂದೇ ತಾವರೆ.

ಏಣಿ ಹತ್ತಿ, ತೆರೆದೇ ಇದ್ದ ಬಾಗಿಲಲ್ಲಿ ಒಳಗೆ ಹೋಗಿ ನೋಡಿದರೆ ನಡುವಿನ ಗೋಡೆ ಮಾಯವಾಗಿತ್ತು. ಪೆಟ್ಟಿಗೆ ನೋಡಿದ್ದು ಮುಖವನ್ನು ಮಾತ್ರ. ಆದ್ದರಿಂದ ಒಳಗಿನ ಸಾಮಾನೆಲ್ಲ ಹಾಗೇ ಉಳಿದು ಕಲಸಿಹೋಗಿತ್ತು. ನನ್ನ ಒಲೆಯ ಪಕ್ಕ ಅವಳ ಒಲೆ. ಅವಳ ಏಣಿ ಹಾಕುವ ಲೋಟದೊಳಗೆ ನನ್ನ ಬೆಳ್ಳುಳ್ಳಿ ಬುಟ್ಟಿ. ನಮ್ಮ ಯಜಮಾನರ ಫೋಟೋ ಲಿಂಗಯ್ಯನ ಮಂಚದ ತಲೆಯ ಕಡೆ ತೂಗುಬಿದ್ದು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು.

"ಬೇರೆ ಮಾಡ್ರೀ ಇದನ್ನ," ಎಂದಳು ದೇವೀರಮ್ಮ ಗಂಡನಿಗೆ.

"ಅದಕ್ಕೆ ಸೇರಿಸೋದು ಮಾತ್ರ ಗೊತ್ತು ಕಣೆ," ಎಂದ ಲಿಂಗಯ್ಯ. "ಬೇರೆ ಮಾಡೋದು ನಾನು ಕಲಿಸಿಲ್ಲ."

ಅವಳು ಅಷ್ಟು ದೊಡ್ಡ ಮನೆಯ ನಡುವೆ ನಿಂತು ನಾಲ್ಕೂ ಗೋಡೆ ನೋಡಿದಳು. ಮಧ್ಯಾಹ್ನವಾಗಿತ್ತು. ಜೋಡಿಸಲು ಪೆಟ್ಟಿಗೆಗೆ ಹಿಡಿಯಿಲ್ಲ. ಹೊರಗೆ ಹೋಗಬೇಕಾದರೆ ಮತ್ತೆ ಏಣಿ ಇಳಿಯಬೇಕು. ಕೊನೆಗೆ ಸಾಮಾನಿನ ರಾಶಿಯಲ್ಲಿ ಕೈಯಾಡಿಸಿ ಒಂದು ಮಣೆ ಎಳೆದಳು. ಅದರ ಅಂಚಿನ ಕಚ್ಚನ್ನು ಬೆರಳಿನಿಂದ ಸವರಿದಳು.

"ಇದು ಯಾವಾಗ ಆಯ್ತು?"

"ನೀನು ಸೇರಿಸ್ತೀನಿ ಅಂದ ದಿನ."

ಅವಳು ಮಣೆಯನ್ನು ನನ್ನ ಮುಂದೆ ಇಟ್ಟಳು. ಕೂತು ಬೀಜ ಹಂಚಿದಳು. ಮೊದಲ ಕೈಯಲ್ಲೇ ಎರಡು ಬೀಜ ಸೆರಗಿಗೆ ಇಳಿಸಿದಳು. ನಾನು ನೋಡಿಯೂ ಸುಮ್ಮನಿದ್ದೆ. ಅಷ್ಟು ಚೆಂದದ ಕಳ್ಳಾಟ ನೋಡಿ ಬಹಳ ದಿನವಾಗಿತ್ತು.

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ನೋಡಿದರೆ ಪ್ರತಿ ಮನೆಯ ಮುಂದೆಯೂ ತಾವರೆ. ನಮ್ಮ ದೊಡ್ಡ ಮನೆ ಕಂಡು ಯಾರಿಗೂ ನಿದ್ದೆ ಬಂದಿರಲಿಲ್ಲವಂತೆ. ಸಣ್ಣಮ್ಮಣ್ಣಿ ಕೂಡ ನವಿಲು ಬಿಟ್ಟು ತಾವರೆ ಎಳೆದಿದ್ದಳು. ಅದು ಅರಳಿದ ಕೋಳಿಯ ಹಾಗಿತ್ತು. ಎಲ್ಲರೂ ಬಂದು, ನಮ್ಮ ಮನೆಗಳನ್ನೂ ಸೇರಿಸಿಕೊಡು ಎಂದು ಲಿಂಗಯ್ಯನನ್ನು ಮುತ್ತಿಕೊಂಡರು. ಲಿಂಗಯ್ಯ ನನ್ನ ಹತ್ತಿರ ಬಂದ.

"ಅಕ್ಕ, ಆ ಹಿತ್ತಾಳೆ ಹಿಡಿ ನಿನ್ ಹತ್ರ ಉಳೀತಲ್ಲ?"

"ಯಾವ ಹಿಡಿ?" ಎಂದೆ, ಅದರಿಂದಲೇ ಎಲೆ ಅಡಿಕೆ ಕುಟ್ಟುತ್ತ.

ಈಗಲೂ ದಿನಾ ಕೇಳುತ್ತಾನೆ. ದಿನಾ ನನಗೆ ಕಿವಿ ಕೇಳಿಸುವುದಿಲ್ಲ. ಬೆಕ್ಕುಗಳೆಲ್ಲ ವಾಪಸು ಬಂದಿವೆ. ಮನೆ ಒಂದೇ ಆದರೂ ಬಾಗಿಲ ಮುಂದೆ ಎಡಗಡೆ ದೇವೀರಮ್ಮ ತಾವರೆ ಹಾಕುತ್ತಾಳೆ, ಬಲಗಡೆ ನಾನು ಬಳ್ಳಿ ಹಾಕುತ್ತೇನೆ. ನೋಡಿದವರು ಎರಡೂ ಒಂದೇ ಸಮ ಚೆನ್ನಾಗಿವೆ ಅನ್ನುತ್ತಾರೆ. ಕಣ್ಣು ಕಾಣದವರಿಗೆ ನಾವೇನು ಹೇಳುವುದು.